ಚೀಲ ಹಿಂದಕ್ಕೆ ಕಳಿಸು

ಮಡಿಕೇರಿ
21 ಅಕ್ಟೋಬರ್ 2024

ಪ್ರೀತಿಯ ಚಿಕ್ಕಪ್ಪನಿಗೆ ಯಮುನ ಮಾಡುವ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಫೋನು ಮಾಡಿದರೆ ನಿಮ್ಮ ಕಡೆ ಸಿಗ್ನಲ್ ಇರುವುದಿಲ್ಲ, ಇದ್ದರೆ ನೀವು ‘ಹೂಂ, ಆತ್’ ಎಂದು ಇಟ್ಟುಬಿಡುತ್ತೀರಿ. ಕಾಗದವನ್ನಾದರೆ ಪೂರ್ತಿ ಓದಲೇಬೇಕಲ್ಲ. ಭಾಗಮಂಡಲದ ಬಸ್ಸಿನ ಕಂಡಕ್ಟರ್ ಜಯಪ್ರಕಾಶನ ಕೈಯಲ್ಲಿ ಕೊಟ್ಟಿದ್ದೇನೆ. ಹೋದ ವಾರದ ಸಂಕ್ರಮಣಕ್ಕೆ ಬರುತ್ತೇನೆಂದು ಹೇಳಿ ಬಾರದೆ ಇದ್ದದ್ದಕ್ಕೆ ಚಿಕ್ಕಮ್ಮ ಬೈದದ್ದೂ ಅವನಿಂದಲೇ ಗೊತ್ತಾಯಿತು.

ಒಂಬತ್ತು ವರ್ಷ ಯಾದಗಿರಿ ಕಡೆ ಪಾಠ ಮಾಡಿ ಜೂನಿನಲ್ಲಿ ವರ್ಗವಾಗಿ ಈ ಶಾಲೆಗೆ ಬಂದೆನಲ್ಲ, ಶಾಲೆಯ ಹಿಂದೆ ಹಳೆ ಶೌಚಾಲಯ ಕೆಡವಿದ ಜಾಗ ಒಂದಿದೆ. ಅಲ್ಲಿ ಮಕ್ಕಳ ಕೈಯಲ್ಲಿ ತರಕಾರಿ ತೋಟ ಮಾಡಿಸಬೇಕೆಂದು ನನಗೆ ಹುಚ್ಚು ಹಿಡಿದಿದೆ. ಹಿಡಿಸಿದವಳು ನಾಲ್ಕನೇ ಕ್ಲಾಸಿನ ಮೋಕ್ಷಿತಾ. ಬಿಸಿಯೂಟದ ಸಾಂಬಾರಿನ ಬೀನ್ಸ್ ತೋರಿಸಿ, ಇದು ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಶುಕ್ರವಾರ ಸಂತೆಯಿಂದ ಎಂದಳು. ತಪ್ಪು ಎನ್ನಲು ಬಾಯಿ ತೆರೆದೆ, ಆದರೆ ಹಿಂದಿನ ಶುಕ್ರವಾರ ಸಂತೆಯಿಂದ ಅದನ್ನು ತಂದವಳು ನಾನೇ. ಕಿಟಕಿಯಿಂದ ಕಾಫಿ ತೋಟ ಕಾಣುವ ಕ್ಲಾಸಿನಲ್ಲಿ ಕೂತು, ಬೀನ್ಸ್ ಬಳ್ಳಿಯೋ ಮರವೋ ಗೊತ್ತಿಲ್ಲದ ಮೂವತ್ತೊಂದು ಮಕ್ಕಳು.

ಆದರೆ ಹಳೆ ವಿದ್ಯಾರ್ಥಿ ಸಂಘದವರು ಅದೇ ಜಾಗಕ್ಕೆ ಇಂಟರ್‌ಲಾಕ್ ಹಾಸಿ ಗಾಡಿ ನಿಲ್ಲಿಸಲು ಶೆಡ್ ಮಾಡಿಕೊಡುತ್ತೇವೆಂದು ಮುಂದೆ ಬಂದಿದ್ದಾರೆ. ನಮ್ಮ ಹೆಡ್‌ಮಾಸ್ಟರ್ ಬೊಳ್ಳಪ್ಪ ಸರ್ ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ. ತಲೆ ಕೆರೆದುಕೊಂಡು ಗಡುವು ಕೊಟ್ಟರು: “ಜನವರಿ ಇಪ್ಪತ್ತಾರಕ್ಕೆ ಸಂಘದವ್ರು ಬಾವುಟ ಹಾರಿಸ್ಲಿಕ್ಕೆ ಬರ್ತಾರೆ. ಆಗ ತೋರಿಸ್ಲಿಕ್ಕೆ ಹಸಿರು ಎಂತಾದ್ರೂ ಇದ್ರೆ ತೋಟ. ಇಲ್ಲದಿದ್ರೆ ಇಂಟರ್‌ಲಾಕ್ ಟೀಚರೇ.”

ಜಾಗದಲ್ಲಿ ಇರುವುದು ಜಲ್ಲಿ, ಒಡೆದ ಇಟ್ಟಿಗೆ, ಸಿಮೆಂಟಿನ ಹೆಂಟೆ. ಮಣ್ಣೇ ಇಲ್ಲ. ನಲವತ್ತು ವರ್ಷ ಕಾಫಿ ಗಿಡದ ನರ್ಸರಿ ಮಾಡಿದವರು ನೀವು. ಹತ್ತು ಚೀಲ ಒಳ್ಳೆ ಮಣ್ಣು ಕಳಿಸುತ್ತೀರಾ? ಬಸ್‌ಸ್ಟ್ಯಾಂಡಿನಿಂದ ಶಾಲೆಗೆ ಸಾಗಿಸುವುದು ನನ್ನ ಪಾಡು.

ನಿಮ್ಮ
ಯಮುನ


ಭಾಗಮಂಡಲ
30 ಅಕ್ಟೋಬರ್ 2024

ಚಿ. ಯಮುನಳಿಗೆ ಆಶೀರ್ವಾದ.

ಇಲ್ಲಿ ಎಲ್ಲ ಕ್ಷೇಮ. ಆರು ಚೀಲ ಬಸ್ಸಿಗೆ ಹಾಕಿದ್ದೇನೆ. ಇನ್ನೂ ಬರುತ್ತದೆ. ಮಣ್ಣಿಗೆ ಇಲ್ಲಿ ಬರವಿಲ್ಲ.

ಮೊದಲು ಮೊಣಕಾಲುದ್ದ ತೋಡಿ ಜಲ್ಲಿ ತೆಗೆಸು. ಮಕ್ಕಳ ಕೈಗೆ ಹಾರೆ ಕೊಡಬೇಡ, ಕಾಲಿನ ಮೇಲೆ ಹಾಕಿಕೊಳ್ಳುತ್ತಾರೆ. ನೀರು ಹರಿದು ಹೋಗಲು ಒಂದು ಕಡೆ ಇಳಿಜಾರು ಇರಲಿ. ಚಿಕ್ಕಮ್ಮ ಪೇಪರಿನಲ್ಲಿ ಕಟ್ಟಿ ಬೀನ್ಸ್, ಕುಂಬಳ, ಹರಿವೆ ಬೀಜ ಕೊಟ್ಟಿದ್ದಾಳೆ. ಯಾವುದು ಯಾವುದೆಂದು ಬರೆದಿಲ್ಲ. ಟೀಚರಿಗೆ ಅಷ್ಟೂ ಗೊತ್ತಾಗದಿದ್ದರೆ ಸಂಬಳ ಎಂತಕೆ ಎನ್ನುತ್ತಾಳೆ.

ಚೀಲ ಹಿಂದಕ್ಕೆ ಕಳಿಸು.

ಪೂವಯ್ಯ


ಮಡಿಕೇರಿ
19 ನವೆಂಬರ್ 2024

ಪ್ರೀತಿಯ ಚಿಕ್ಕಪ್ಪನಿಗೆ ನಮಸ್ಕಾರ.

ಹದಿನೆಂಟು ಚೀಲ ಬಂದಾಯಿತು. ನಿಮ್ಮ ಮಣ್ಣು ಎಷ್ಟು ಚಂದ! ಕುಂಕುಮದ ಹಾಗೆ ಕೆಂಪು, ಒಂದು ಕಸವಿಲ್ಲ, ಒಂದು ಬೇರಿಲ್ಲ. ಆಟೋದವನು ಗೇಟಿನ ಹತ್ತಿರ ಇಳಿಸಿ ಹೋಗುತ್ತಾನೆ. ಅಲ್ಲಿಂದ ಮಕ್ಕಳು ಊಟದ ತಟ್ಟೆಯಲ್ಲಿ ತುಂಬಿಕೊಂಡು ಸಾಲಾಗಿ ಹಿಂದಕ್ಕೆ ಹೊರುತ್ತಾರೆ. ಅಡುಗೆಯವರು ಮೊದಲ ದಿನ ಕೂಗಾಡಿದರು, ಈಗ ಅವರೇ ನಿಂತು ಲೈನು ಸರಿಮಾಡಿಸುತ್ತಾರೆ. ನಿಮಗೆ ಇಲ್ಲಿ ‘ಮಣ್ಣಜ್ಜ’ ಎಂದು ಹೆಸರಾಗಿದೆ. ಜಯಪ್ರಕಾಶ ಮಾತ್ರ ಪ್ರತಿ ಸಲವೂ ಕೇಳುತ್ತಾನೆ: “ಯಮುನಕ್ಕ, ನಿಮ್ಮ ಚಿಕ್ಕಪ್ಪ ಊರನ್ನೇ ಮಡಿಕೇರಿಗೆ ತಂದ್ ಹಾಕ್ತಾರಾ ಹೇಗೆ?”

ಹದಿನಾಲ್ಕನೇ ತಾರೀಕು ಮಕ್ಕಳ ದಿನಾಚರಣೆಗೆ ಬೀಜ ಹಾಕಿದೆವು. ಬೀಜ ಗುರುತಿಸಲು ನನಗೆ ಗೊತ್ತಾಯಿತೆಂದು ಚಿಕ್ಕಮ್ಮನಿಗೆ ಹೇಳಿ. ಹರಿವೆಯನ್ನು ಮಾತ್ರ ಅಡುಗೆಯವರನ್ನು ಕೇಳಿದೆ.

ನನಗೆ ಒಂದು ಅಳುಕು. ಇಷ್ಟು ಮಣ್ಣನ್ನು ಕಾಫಿ ಬುಡದಿಂದ ಕೆರೆದು ಕಳಿಸುತ್ತಿದ್ದೀರೋ ಏನೋ. ಹಾಗಿದ್ದರೆ ಸಾಕು. ನಿಮ್ಮ ಗಿಡ ಒಣಗಿಸಿ ನನ್ನ ಬೀನ್ಸ್ ಬೆಳೆಯುವುದು ಬೇಡ.

ಇನ್ನೊಂದು. ಹುತ್ತರಿಗೆ ನಮ್ಮ ಮನೆ ಕೆಳಗಿನ ಗದ್ದೆಯ ಒಂದು ಹಿಡಿ ಕದಿರು ಕಳಿಸುತ್ತೀರಾ? ಹೊಸ ಭತ್ತದ ತೆನೆ ಮನೆಗೆ ತರುವ ಹಬ್ಬವೆಂದರೆ ಇಲ್ಲಿನ ಎಷ್ಟೋ ಮಕ್ಕಳಿಗೆ ಪಟಾಕಿ ಮಾತ್ರ. ಆ ಗದ್ದೆಯಲ್ಲಿ ನಾಟಿ ಮುಗಿದ ಮೇಲೆ ಕೆಸರಿನಲ್ಲಿ ಓಟ ಇಡುತ್ತಿದ್ದಿರಿ, ನಾನು ಯಾವಾಗಲೂ ಬೀಳುತ್ತಿದ್ದೆ. 2019ರ ಮಳೆಗೆ ಸ್ವಲ್ಪ ಮಣ್ಣು ಜಾರಿತ್ತು, ತೆಗೆಸಿದೆ ಎಂದು ಆಗ ಫೋನಿನಲ್ಲಿ ಹೇಳಿದ್ದಿರಿ. ಯಾದಗಿರಿಯಲ್ಲಿ ಕೂತು ಎಷ್ಟು ಹೆದರಿದ್ದೆ. ಆಮೇಲೆ ಊರಿಗೆ ಬರಲು ಆಗಲೇ ಇಲ್ಲ. ಒಂದು ಭಾನುವಾರ ಬಂದು ನೋಡುತ್ತೇನೆ.

ಯಮುನ


ಭಾಗಮಂಡಲ
3 ಡಿಸೆಂಬರ್ 2024

ಚಿ. ಯಮುನಳಿಗೆ ಆಶೀರ್ವಾದ.

ಇಲ್ಲಿ ಎಲ್ಲ ಕ್ಷೇಮ. ಎಂಟು ಚೀಲ ಹಾಕಿದ್ದೇನೆ. ಕಾಫಿ ಬುಡದ ಮಣ್ಣಲ್ಲ, ಬೇರೆ ಕಡೆಯದು. ನನ್ನ ಗಿಡದ ಚಿಂತೆ ನಿನಗೆ ಬೇಡ.

ಈಗ ಬರಬೇಡ. ಕಾಫಿ ಕೊಯ್ಲು ಶುರುವಾಗಿದೆ, ಮನೆಯಲ್ಲಿ ಯಾರೂ ಇರುವುದಿಲ್ಲ. ಒಳಗಿನ ರಸ್ತೆಯೂ ಸರಿ ಇಲ್ಲ.

ಕದಿರು ಕಳಿಸುತ್ತೇನೆ.

ಬೀನ್ಸ್ ಹೇಗಿದೆ ಎಂದು ಬರೆ. ಎಲೆ ಯಾವ ಬಣ್ಣಕ್ಕಿದೆ ಎಂದೂ ಬರೆ. ಚೀಲ ಹಿಂದಕ್ಕೆ ಕಳಿಸು. ಹೋದ ಸಲ ಎರಡು ಕಡಿಮೆ ಬಂದಿದೆ.

ಪೂವಯ್ಯ


ಮಡಿಕೇರಿ
17 ಡಿಸೆಂಬರ್ 2024

ಪ್ರೀತಿಯ ಚಿಕ್ಕಪ್ಪನಿಗೆ ನಮಸ್ಕಾರ.

ಕದಿರು ನಿನ್ನೆ ಬಂತು. ಎಂತಹ ಬಂಗಾರದ ತೆನೆ! ಹುಲುಸಾಗಲಿ ದೇವರೇ ಎಂದು ಅರ್ಥ ಹೇಳಿಕೊಟ್ಟ ಮೇಲೆ ಮಕ್ಕಳೆಲ್ಲ ‘ಪೊಲಿ ಪೊಲಿ ದೇವಾ’ ಎಂದು ಕೂಗಿ ಬರಮಾಡಿಕೊಂಡರು. ನಮ್ಮ ಗದ್ದೆಯದು, ನಾನು ಚಿಕ್ಕವಳಿರುವಾಗ ಬಿದ್ದ ಗದ್ದೆಯದು ಎಂದು ಹೇಳಿ ಕ್ಲಾಸಿನ ಬಾಗಿಲಿಗೆ ಕಟ್ಟಿದ್ದೇನೆ.

ತೋಟ ಬಹಳ ಚೆನ್ನಾಗಿದೆ. ಬೀನ್ಸ್ ದಾರ ಹಿಡಿದು ಸೊಂಟದ ಎತ್ತರಕ್ಕೆ ಹತ್ತಿದೆ. ಎಲೆ ಕಡು ಹಸಿರು. ಕುಂಬಳ ಹೂ ಬಿಡುವ ಹಾಗಿದೆ. ಬೊಳ್ಳಪ್ಪ ಸರ್ ಬಂದು ನೋಡಿ ನಕ್ಕರು. ಜನವರಿಗೆ ಏನೂ ಯೋಚನೆಯಿಲ್ಲ. ಎಲ್ಲ ನಿಮ್ಮ ಮಣ್ಣಿನ ಗುಣ.

ಮೋಕ್ಷಿತಾ ಮಣ್ಣಜ್ಜನಿಗೆ ತಾನೂ ಬರೆಯುತ್ತೇನೆಂದು ಹಟ ಹಿಡಿದು ಏನೋ ಬರೆದು, ನನಗೆ ತೋರಿಸದೆ ಅನ್ನದ ಅಗುಳಿನಲ್ಲಿ ಅಂಟಿಸಿ ಕೊಟ್ಟಿದ್ದಾಳೆ. ಜೊತೆಗೆ ಇಟ್ಟಿದ್ದೇನೆ. ಕಾಗುಣಿತ ತಪ್ಪಿದ್ದರೆ ಬೈಗಳು ನನಗಿರಲಿ.

ಯಮುನ


ಭಾಗಮಂಡಲ
22 ಡಿಸೆಂಬರ್ 2024

ಚಿ. ಯಮುನಳಿಗೆ.

ನಿನ್ನ ಕಾಗದ ಓದಿದೆ. ಆ ಹುಡುಗಿಯದ್ದನ್ನೂ ಓದಿದೆ. ಅವಳು ಬರೆದದ್ದನ್ನು ನಿನಗಾಗಿ ಇಲ್ಲಿ ಹಾಗೇ ಇಳಿಸುತ್ತೇನೆ:

“ಮಣ್ಣಜ್ಜನಿಗೆ ನಮಸ್ತೆ. ಬೀನ್ಸ್ ಹುಟ್ಟಿತು. ಆಮೇಲೆ ಹಳದಿ ಆಯಿತು. ಆಮೇಲೆ ಸತ್ತಿತು. ಕುಂಬಳ ಸಾಯಲಿಲ್ಲ ಆದರೆ ದೊಡ್ಡದು ಆಗುವುದಿಲ್ಲ. ಮಿಸ್ ಸ್ಟಾಫ್ ರೂಮಿನಲ್ಲಿ ಅತ್ತರು. ನಾನು ನೋಡಿದೆ. ನಮ್ಮ ಮನೆ ಹತ್ತಿರ ಚರಂಡಿ ಮಣ್ಣಿನಲ್ಲಿ ಎರೆಹುಳ ಉಂಟು. ನಿಮ್ಮ ಮಣ್ಣಿನಲ್ಲಿ ಒಂದೂ ಇಲ್ಲ. ಯಾಕೆ?”

ನೀನು ಬೀನ್ಸ್ ಸೊಂಟದ ಎತ್ತರ ಬಂದಿದೆ ಎಂದು ಬರೆದದ್ದು ಸುಳ್ಳೆಂದು ಇವಳ ಚೀಟಿ ಓದುವ ಮೊದಲೇ ನನಗೆ ಗೊತ್ತಿತ್ತು. ಆ ಮಣ್ಣಿನಲ್ಲಿ ಬೀನ್ಸ್ ಹತ್ತುವುದಿಲ್ಲ. ನಾನು ಬೇಸರ ಮಾಡಿಕೊಳ್ಳುತ್ತೇನೆಂದು ನೀನು ಸುಳ್ಳು ಹೇಳಿದೆ. ನಾನು ಐದು ವರ್ಷದಿಂದ ಹೇಳುತ್ತಿರುವ ಸುಳ್ಳು ಅದಕ್ಕಿಂತ ದೊಡ್ಡದು. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುತ್ತಿದ್ದೆನಲ್ಲ, ಈ ಸಲ ಬರೆದಿಲ್ಲ ನೋಡು.

ಗದ್ದೆ ಇಲ್ಲ ಯಮುನ. 2019ರ ಆಗಸ್ಟಿನಲ್ಲಿ ಜಾರಿದ್ದು ಸ್ವಲ್ಪ ಮಣ್ಣಲ್ಲ, ಮೇಲಿನ ಗುಡ್ಡದ ಒಂದು ಮಗ್ಗುಲೇ ಬಂದು ಗದ್ದೆಯ ಮೇಲೆ ಕೂತಿತು. ಈ ಅಂಚಿನಲ್ಲಿ ಮೊಣಕಾಲುದ್ದ, ಆ ಅಂಚಿನಲ್ಲಿ ಆಳೆತ್ತರ. ಆ ಅಂಚಿನಲ್ಲಿ ಕೊಟ್ಟಿಗೆ ಇತ್ತು, ನಿನಗೆ ನೆನಪಿರಬೇಕು. ಒಳಗೆ ನಮ್ಮ ದನ ಕೆಂಪಿ, ಚುಕ್ಕಿ ಎರಡೂ ಇದ್ದವು. ಅವತ್ತು ಸಂಜೆ ಮಳೆ ಜೋರಾದಾಗ ಬಿಚ್ಚಿ ಮೇಲೆ ತರಬೇಕೆಂದು ಚಿಕ್ಕಮ್ಮ ಹೇಳಿದಳು. ಬೆಳಿಗ್ಗೆ ನೋಡುವ ಎಂದವನು ನಾನು.

ಊರಿನವರು ಬಂದು ಮಣ್ಣು ತೆಗೆಯೋಣ ಎಂದರು. ಪಕ್ಕದ ಮಲ್ಲ ಮೂರು ಸಲ ಬಂದು ಕೇಳಿದ. ಅಲ್ಲಿ ಯಾರೂ ಹಾರೆ ಇಡಬಾರದು ಎಂದುಬಿಟ್ಟೆ. ನಾನೂ ಇಳಿಯಲಿಲ್ಲ. ಆ ಕಡೆಯ ಕಿಟಕಿ ಮುಚ್ಚಿಯೇ ಇಟ್ಟೆವು. ದೂರ ಇರುವ ನಿಮಗೆಲ್ಲ ತೆಗೆಸಿದೆ ಎಂದು ಹೇಳಿದೆ. ಹೇಳಿ ಹೇಳಿ ನನಗೇ ಹಾಗೆ ಅನ್ನಿಸತೊಡಗಿತ್ತು.

ನಿನ್ನ ಮೊದಲ ಕಾಗದ ಬಂದ ದಿನ ನರ್ಸರಿಯಿಂದಲೇ ಕಪ್ಪು ಮಣ್ಣು ಕಳಿಸುವವನಿದ್ದೆ. ಚೀಲ ತೆಗೆದುಕೊಂಡು ಹೊರಟವನ ಕಾಲು ಕೆಳಗೆ ಹೋಯಿತು. ಒಂದು ಚೀಲ ತುಂಬಿಸಿ ಒಂದು ಗಂಟೆ ಅಲ್ಲೇ ಕೂತೆ. ಈ ಮಣ್ಣು ಎಲ್ಲಿಯಾದರೂ ಮಕ್ಕಳ ಕೈಗೆ ಹೋಗಿ ಹಸಿರಾಗಲಿ, ಇಲ್ಲಿ ಕೂತು ನನ್ನನ್ನು ನೋಡುವುದು ಬೇಡ ಎನ್ನಿಸಿತು. ಅದು ಗುಡ್ಡದ ಹೊಟ್ಟೆಯ ಮಣ್ಣು. ಬಿಸಿಲು ಕಂಡದ್ದಲ್ಲ, ಎಲೆ ಕೊಳೆತದ್ದಲ್ಲ. ಅದರಲ್ಲಿ ಜೀವವಿಲ್ಲ. ಗೊತ್ತಿದ್ದೂ ಕಳಿಸಿದೆ. ನರ್ಸರಿಯಲ್ಲಿ ಯಾರಿಗೂ ಒಂದು ಕೆಟ್ಟ ಗಿಡ ಕೊಟ್ಟವನಲ್ಲ ನಾನು. ನಿನ್ನ ಮಕ್ಕಳಿಗೆ ಮೋಸ ಮಾಡಿದೆ.

ಕದಿರು ಮಲ್ಲನ ಗದ್ದೆಯದು. ಐದು ವರ್ಷದಿಂದ ಹುತ್ತರಿಗೆ ಅವನ ಗದ್ದೆಯದನ್ನೇ ತಂದು ಕಟ್ಟುತ್ತಿದ್ದೇನೆ. ಕೇಳದೆಯೇ ಕೊಡುತ್ತಾನೆ.

ಇವತ್ತು ಬೆಳಿಗ್ಗೆ ಚಿಕ್ಕಮ್ಮನಿಗೆ ಆ ಹುಡುಗಿಯ ಚೀಟಿ ಓದಿ ಹೇಳಿದೆ. “ಎಂತಕೆ ಇನ್ನೂ ಸುಳ್ಳು? ಅದ್ ಅಲ್ಲೇ ಉಂಟಲ್ಲಾ” ಎಂದು ಆ ಕಿಟಕಿ ತೆರೆದಳು. ನಾನು ಕಾಗದ ಬರೆಯಲು ಕೂತೆ.

ಈಗ ಕೇಳು. ಜನವರಿ ಇಪ್ಪತ್ತಾರಕ್ಕೆ ಐದು ವಾರ ಇದೆ. ಬಸ್ಸಿನಲ್ಲಿ ಹಲಸಿನ ಮರದಡಿಯ ಕೊಳೆತ ಎಲೆ ನಾಲ್ಕು ಚೀಲ, ಹಳೆ ಕಾಫಿ ಸಿಪ್ಪೆ ಮೂರು ಚೀಲ, ಒಣ ಸಗಣಿ ಎರಡು ಚೀಲ ಇದೆ. ಮೇಲುಮೇಲಿನ ಕೆಂಪು ಮಣ್ಣಿಗೆ ಮಾತ್ರ ಸಮಸಮ ಕಲಸು. ಬೀನ್ಸ್ ಈಗ ಆಗುವುದಿಲ್ಲ, ಆಸೆ ಬಿಡು. ಮೆಂತ್ಯ ಮತ್ತು ಮೂಲಂಗಿ ಹಾಕು. ಸ್ಟೀಲ್ ಡಬ್ಬಿಯಲ್ಲಿ ಒದ್ದೆ ಗೋಣಿ ಸುತ್ತಿ ಎರೆಹುಳ ಇಟ್ಟಿದ್ದೇನೆ. ಅದು ಮೋಕ್ಷಿತಾಳಿಗೆ. ಮುಚ್ಚಳಕ್ಕೆ ತೂತು ಮಾಡಿದ್ದೇನೆ, ಡಬ್ಬಿ ಚಿಕ್ಕಮ್ಮನದು, ಅವಳಿಗೆ ಹೇಳಿಲ್ಲ.

ಇಷ್ಟೆಲ್ಲ ಆದ ಮೇಲೆ ನಿನಗೆ ನನ್ನ ಮಣ್ಣು ಬೇಡವೆನ್ನಿಸಿದರೆ ತೆಗೆದು ಎಸೆ. ನಾನು ಏನೂ ಅಂದುಕೊಳ್ಳುವುದಿಲ್ಲ.

ಪೂವಯ್ಯ


ಮಡಿಕೇರಿ
28 ಜನವರಿ 2025

ಪ್ರೀತಿಯ ಚಿಕ್ಕಪ್ಪನಿಗೆ.

ಐದು ವಾರ ನಾನು ಬರೆಯಲಿಲ್ಲ. ಮೊದಲ ವಾರ ಸಿಟ್ಟಿಗೆ. ಗಡುವು ಗೊತ್ತಿದ್ದೂ ಸತ್ತ ಮಣ್ಣು ಕಳಿಸಿದಿರಲ್ಲ ಎಂದು ಸಿಟ್ಟು, ಐದು ವರ್ಷ ಒಬ್ಬರೇ ಹೊತ್ತುಕೊಂಡು ಕೂತಿರಲ್ಲ ಎಂದು ಅದಕ್ಕಿಂತ ಹೆಚ್ಚು ಸಿಟ್ಟು. ಆಮೇಲೆ ನಾಚಿಕೆಗೆ. ಸೊಂಟದ ಎತ್ತರದ ಬೀನ್ಸ್ ಬೆಳೆಸಿದವಳು ನಾನು! ನಿಮ್ಮ ಮಣ್ಣಿಗೆ ಏನಾದರೂ ತಪ್ಪಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ಕೈಯೇ ಸರಿಯಿಲ್ಲ ಎಂದುಕೊಂಡೆ. ಆಮೇಲಿನ ವಾರಗಳು ಸಮಯವಿಲ್ಲದ್ದಕ್ಕೆ. ಎಲ್ಲ ಹೇಳುತ್ತೇನೆ.

ಮಕ್ಕಳಿಗೆ ನಿಜ ಹೇಳಿದೆ. ಈ ಮಣ್ಣು ಗುಡ್ಡ ಜಾರಿ ಬಂದದ್ದು, ಮಣ್ಣಜ್ಜನ ಗದ್ದೆ ಇದರ ಕೆಳಗಿದೆ, ಇದಕ್ಕೆ ಇನ್ನೂ ಏನೂ ತಿಂದು ಗೊತ್ತಿಲ್ಲ ಎಂದೆ. ತಿಂದು ಗೊತ್ತಿಲ್ಲ ಎಂದದ್ದೇ ತಪ್ಪಾಯಿತು. ಅಂದಿನಿಂದ ಮಧ್ಯಾಹ್ನ ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಅಂಗಳದ ಎಲೆ, ಎಲ್ಲ ತಂದು ಮಣ್ಣಿಗೆ ಊಟ ಹಾಕುತ್ತಾರೆ. ದಿಗಂತ್ ಎಂಬ ಮಹಾಶಯ ತನ್ನ ಕಡಲೆ ಚಿಕ್ಕಿಯನ್ನೂ ಹೂತಿಟ್ಟ, ಇರುವೆ ಬಂದವು. ಎರೆಹುಳ ಬಿಡುವ ದಿನ ಮೂವತ್ತೊಂದು ಮಕ್ಕಳೂ ಉಸಿರು ಬಿಗಿಹಿಡಿದು ಸುತ್ತ ಕೂತಿದ್ದರು.

ಇಪ್ಪತ್ತಾರಕ್ಕೆ ಮೆಂತ್ಯ ಗೇಣುದ್ದ, ಮೂಲಂಗಿ ಎಲೆ ಅದಕ್ಕಿಂತ ಸ್ವಲ್ಪ ಮೇಲೆ. ಅಷ್ಟೇ. ಬಾವುಟ ಹಾರಿಸಿ ಸಂಘದ ಅಧ್ಯಕ್ಷರು ಹಿಂದಕ್ಕೆ ಬಂದರು. ಒಮ್ಮೆ ನೋಡಿ, ಇಷ್ಟೇನಾ ಎಂದು ಕೇಳಿದರು. ಬೊಳ್ಳಪ್ಪ ಸರ್ ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ಆಗ ನಿಮ್ಮ ಮೋಕ್ಷಿತಾ ಮೂಲೆಯಲ್ಲಿ ಕೈ ಹಾಕಿ ಒಂದು ಹಿಡಿ ಮಣ್ಣು ತೆಗೆದು ಅವರ ಮುಂದೆ ಹಿಡಿದಳು. ಅದರಲ್ಲಿ ಎಳೆ ಎರೆಹುಳವೊಂದು ಹೊರಳುತ್ತಿತ್ತು.

“ಇದು ನಾವು ಬಿಟ್ಟದ್ದಲ್ಲ ಸರ್, ಇಲ್ಲೇ ಹುಟ್ಟಿದ್ದು. ಮೊದಲು ಈ ಮಣ್ಣು ಸತ್ತಿತ್ತು.”

ಯಾರಿಗೂ ಇಲ್ಲ ಎನ್ನದ ನಮ್ಮ ಬೊಳ್ಳಪ್ಪ ಸರ್ ಆಗ ಮೊದಲ ಸಲ ಇಲ್ಲ ಎಂದರು. “ಇಂಟರ್‌ಲಾಕ್ ಮುಂದಿನ ಗೇಟಿನ ಹತ್ರ ಹಾಕುವ. ಇಲ್ಲಿ ಬೇಡ.” ಅಷ್ಟೇ ಹೇಳಿ ಕಾಫಿಗೆ ಕರೆದುಕೊಂಡು ಹೋದರು. ನಿನ್ನೆ ಬಿಸಿಯೂಟಕ್ಕೆ ಮೆಂತ್ಯ ಸಾಂಬಾರು.

ಮಣ್ಣು ಎಸೆಯುವುದಿಲ್ಲ ಚಿಕ್ಕಪ್ಪ. ಕಾಂಪೌಂಡಿನ ಉದ್ದಕ್ಕೂ ಇನ್ನೂ ಜಾಗವಿದೆ. ಊಟ ಹಾಕಲು ಮಕ್ಕಳಿದ್ದಾರೆ. ಇದರ ಜೊತೆ ನಲವತ್ತು ಖಾಲಿ ಚೀಲವಿದೆ, ಬೇರೆ ಶಾಲೆಯ ಟೀಚರುಗಳಿಂದಲೂ ಕೇಳಿ ತಂದೆ. ಕದಿರು ಬಾಗಿಲಲ್ಲೇ ಇದೆ. ಮಲ್ಲಣ್ಣನ ಗದ್ದೆಯದೆಂದು ಮಕ್ಕಳಿಗೆ ಹೇಳಿದ್ದೇನೆ.

ಈ ಭಾನುವಾರ ಬರುತ್ತೇನೆ. ರಸ್ತೆ ಸರಿ ಇಲ್ಲ ಎನ್ನಬೇಡಿ, ಜಯಪ್ರಕಾಶನನ್ನು ಕೇಳಿದ್ದೇನೆ, ಸರಿ ಇದೆ.

ಯಮುನ


ಭಾಗಮಂಡಲ
14 ಏಪ್ರಿಲ್ 2025

ಚಿ. ಯಮುನಳಿಗೆ ಆಶೀರ್ವಾದ.

ನೀನು ಬಂದು ಹೋದ ಮೇಲೆ ಮಲ್ಲನ ಮನೆಗೆ ಹೋದೆ. ಮಣ್ಣು ತೆಗೆಯಲು ಬರುತ್ತೀಯಾ ಎಂದು ಕೇಳಲು ಹತ್ತು ನಿಮಿಷ ಹಿಡಿಯಿತು. ಅವನು ಹಾರೆ ತೆಗೆದುಕೊಂಡು ಮೊದಲೇ ಅಂಗಳಕ್ಕೆ ಇಳಿದಿದ್ದ.

ಚೀಲಕ್ಕೆ ಹೋದದ್ದು ಹೋಯಿತು. ಉಳಿದದ್ದನ್ನು ಊರಿನ ಐದಾರು ಜನ ಬದಿಗೆ ದೂಡಿ ಕಲ್ಲಿನ ತಡೆ ಕಟ್ಟಿಕೊಟ್ಟರು. ಜಯಪ್ರಕಾಶ ರಜೆಯ ದಿನ ಬಂದು ದುಡಿದ. ಬಸ್ಸಿನಲ್ಲಿ ಹೊತ್ತದ್ದು ಸಾಲದೆ ಇಲ್ಲಿಯೂ ಹೊರುವ ಯೋಗ ತನಗೆ ಎಂದು ಗೊಣಗಿದ. ಶನಿವಾರ ಹಾರೆಗೆ ಹಳೆಯ ಬದು ಸಿಕ್ಕಿತು. ಅದರ ಕೆಳಗೆ ನಮ್ಮ ಗದ್ದೆಯ ಕಪ್ಪು ಮಣ್ಣು, ಹಾಗೇ ಇತ್ತು. ಮುಟ್ಟಿದರೆ ತಣ್ಣಗಿತ್ತು. ನಾನು ಅತ್ತೆ. ಮಲ್ಲ ನೋಡದವನ ಹಾಗೆ ಬೀಡಿ ಹಚ್ಚಿದ.

ನಾಲ್ಕು ಚಾಪೆ ಹಾಸುವಷ್ಟು ಜಾಗ ಬಿಡಿಸಿದ್ದೇವೆ, ಹೆಚ್ಚಿಲ್ಲ. ಕೊಟ್ಟಿಗೆಯ ಕಡೆ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಅಲ್ಲಿ ಚಿಕ್ಕಮ್ಮ ಒಂದು ಸಂಪಿಗೆ ಗಿಡ ನೆಟ್ಟಿದ್ದಾಳೆ.

ಈ ಸಲ ಅಷ್ಟರಲ್ಲೇ ಭತ್ತ ಹಾಕುವ ಎಂದಿದ್ದೇನೆ. ಚೀಲ ಹಿಂದಕ್ಕೆ ಕಳಿಸು.

ಪೂವಯ್ಯ


ಮಡಿಕೇರಿ
11 ಜುಲೈ 2025

ಪ್ರೀತಿಯ ಚಿಕ್ಕಪ್ಪನಿಗೆ ನಮಸ್ಕಾರ.

ಚೀಲ ಹಿಂದಕ್ಕೆ ಕಳಿಸಿದ್ದೇನೆ. ಈ ಸಲ ಖಾಲಿ ಅಲ್ಲ, ಬಿಚ್ಚುವಾಗ ಜೋಪಾನ.

ಜೂನಿನಲ್ಲಿ ಶಾಲೆ ಶುರುವಾದ ದಿನ ಮೋಕ್ಷಿತಾ ಬಾಗಿಲ ಮೇಲಿನ ಕದಿರು ನೋಡಿ, ಇದನ್ನು ಬಿತ್ತಿದರೆ ಹುಟ್ಟುತ್ತದಾ ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಈಗ ಹಾಗೆ ಹೇಳಲು ನನಗೆ ಸಂಕೋಚವಿಲ್ಲ. ಕಾಳು ಉದುರಿಸಿ ನೆನೆಹಾಕಿ, ನೀವು ಕಳಿಸಿದ ಕೆಂಪು ಮಣ್ಣಿನ ಮಡಿಯಲ್ಲೇ ಚೆಲ್ಲಿದೆವು. ಆ ಮಣ್ಣು ಈಗ ಕೆಂಪಗಿಲ್ಲ, ಕಾಫಿ ಪುಡಿಯ ಬಣ್ಣಕ್ಕೆ ಬಂದಿದೆ. ಅರ್ಧಕ್ಕಿಂತ ಹೆಚ್ಚು ಹುಟ್ಟಿತು. ಮಳೆಗೆ ಐದು ದಿನ ಶಾಲೆಗೆ ರಜೆ ಇತ್ತು. ರಜೆಯಲ್ಲೂ ಕೊಡೆ ಹಿಡಿದು ಬಂದು ನೋಡಿಕೊಂಡು ಹೋಗುವವರಿದ್ದರು.

ಇವತ್ತು ಬೆಳಿಗ್ಗೆ ಅಗೆ ಸಸಿ ಕಿತ್ತು ಕಟ್ಟು ಕಟ್ಟಿದರು. ಹನ್ನೊಂದು ಸಣ್ಣ ಕಟ್ಟು. ಒಂದೊಂದು ಕಟ್ಟಿನಲ್ಲೂ ಹೆಸರಿನ ಚೀಟಿ ಸಿಕ್ಕಿಸಿದ್ದಾರೆ, ಬೇಡ ಎಂದರೂ ಕೇಳಲಿಲ್ಲ. ನಾಲ್ಕು ಚಾಪೆಗೆ ಸಾಕಾಗುತ್ತದಾ? ಈ ಮಳೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆತರುವ ಧೈರ್ಯ ನನಗಿಲ್ಲ. ನಾನು ಭಾನುವಾರ ಬಂದು ಅವರ ಪರವಾಗಿ ನೆಡುತ್ತೇನೆ. ನಾಟಿ ಮುಗಿದ ಮೇಲೆ ಓಟ ಇಡಬೇಕು. ನಾಲ್ಕು ಹೆಜ್ಜೆಯಾದರೂ ಸರಿ, ಬಿದ್ದರೂ ಸರಿ.

ಯಮುನ


ಭಾಗಮಂಡಲ
6 ಡಿಸೆಂಬರ್ 2025

ಚಿ. ಯಮುನಳಿಗೆ, ಮೋಕ್ಷಿತಾಳಿಗೆ, ನಿನ್ನ ಎಲ್ಲ ಮಕ್ಕಳಿಗೆ ಆಶೀರ್ವಾದ.

ಮೊನ್ನೆ ಹುತ್ತರಿಗೆ ಕಿಟಕಿ ತೆರೆದಿಟ್ಟು, ದೀಪ ಹಿಡಿದು ಕೆಳಗೆ ಇಳಿದೆವು. ಮಲ್ಲ ಮುಂದೆ, ಚಿಕ್ಕಮ್ಮ ನಡುವೆ, ನಾನು ಹಿಂದೆ. ಕುಡುಗೋಲು ನನ್ನ ಕೈಯಲ್ಲಿತ್ತು. ಕೊಯ್ದದ್ದು ಮೂರು ಹಿಡಿ. ಒಂದು ನಮ್ಮ ಬಾಗಿಲಿಗೆ ಕಟ್ಟಿದೆ. ಒಂದನ್ನು ಮಲ್ಲನ ಮನೆಗೆ ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. ಮೂರನೆಯದು ಈ ಚೀಲದಲ್ಲಿದೆ.

ಇದು ನಮ್ಮ ಗದ್ದೆಯದು.

ಇಲ್ಲಿ ಎಲ್ಲ ಕ್ಷೇಮ.

ಚೀಲ ನಿನ್ನಲ್ಲೇ ಇರಲಿ.

ಪೂವಯ್ಯ